ಕಲ್ಯಾಣಿಗೆ ಇಳಿದ ಕಾಲೇಜು

ಸಂಕ್ರಾಂತಿ ಕಳೆದರೂ ಅರಸೀಕೆರೆ ಸೀಮೆಯ ಚಳಿ ಇನ್ನೂ ಕಾಲು ಕಿತ್ತಿರುವುದಿಲ್ಲ. ತೆಂಗಿನ ಮರಗಳ ಬುಡದಲ್ಲಿ ಮಂಜು ತೆಳ್ಳಗೆ ನಿಂತಿರುವ ಹೊತ್ತಿನಲ್ಲೇ ಊರಾಚೆ ಕಲ್ಯಾಣಿಯ ಕಡೆಯಿಂದ ಕಬ್ಬಿಣ ಕಲ್ಲಿಗೆ ತಾಗುವ ಸದ್ದು ಶುರುವಾಗುತ್ತದೆ. ಪಳಗಿದ ಕೈಯ ಗುದ್ದಲಿಯಾದರೆ ಸದ್ದಿಗೊಂದು ಹದವಿರುತ್ತದೆ. ಏಟು, ಬಿಡುವು, ಮತ್ತೆ ಏಟು. ಇಲ್ಲಿ ಹಾಗಿಲ್ಲ. ಒಂದು ಕಡೆ ಹಾರೆ ಠಣ್ಣೆಂದು ಜಾರುತ್ತದೆ, ಇನ್ನೊಂದು ಕಡೆ ಎರಡು ಸನಿಕೆಗಳು ಒಂದಕ್ಕೊಂದು ತಾಗಿ ನಗು ಏಳುತ್ತದೆ, ನಡುವೆ ಯಾರೋ 'ಬಾಂಡ್ಲಿ, ಬಾಂಡ್ಲಿ ಕಳಿಸ್ರೋ' ಎಂದು ಗಂಟಲು ಹರಿದುಕೊಳ್ಳುತ್ತಾರೆ. ಹುಣಸೆಮರ ದಾಟಿ ನಾಲ್ಕು ಹೆಜ್ಜೆ ಇಟ್ಟರೆ ನೋಟ ತೆರೆದುಕೊಳ್ಳುತ್ತದೆ: ನಾಲ್ಕೂ ಕಡೆ ಕಲ್ಲಿನ ಮೆಟ್ಟಿಲು ಇಳಿದುಹೋಗುವ ಚೌಕದ ಕಲ್ಯಾಣಿ, ಅದರ ತಳದಲ್ಲಿ ಮೊಣಕಾಲುದ್ದ ಕಪ್ಪು ಹೂಳು, ಹೂಳಿನ ನಡುವೆ ಪ್ಯಾಂಟು ಮಡಚಿಕೊಂಡ, ಚೂಡಿದಾರದ ದುಪಟ್ಟಾ ಸೊಂಟಕ್ಕೆ ಬಿಗಿದುಕೊಂಡ ಐವತ್ತು ಜನ ಹುಡುಗ ಹುಡುಗಿಯರು.

ತಾಲ್ಲೂಕು ಕೇಂದ್ರದ ಡಿಗ್ರಿ ಕಾಲೇಜಿನ ಮಕ್ಕಳು ಇವರು. ಎನ್ನೆಸ್ಸೆಸ್ ಶಿಬಿರಕ್ಕೆ ಬಂದಿದ್ದಾರೆ. ಊರಿನ ಸರ್ಕಾರಿ ಶಾಲೆಯ ಎರಡು ಕೋಣೆಗಳಲ್ಲಿ ಚಾಪೆ ಹಾಸಿ ಮಲಗುತ್ತಾರೆ. ಐದಕ್ಕೆ ಎದ್ದು, ಆರಕ್ಕೆ ಪ್ರಭಾತಫೇರಿ ಹೊರಟು, ಧ್ವಜ ಹಾರಿಸಿ, ಒಂದೊಂದು ಲೋಟ ಟೀ ಕುಡಿದು ಇಲ್ಲಿಗೆ ಬರುತ್ತಾರೆ. ಮೊದಲ ದಿನ ಪ್ರಭಾತಫೇರಿಯ ಹಾಡು ಕೇಳಿ ಊರ ನಾಯಿಗಳೆಲ್ಲ ಒಟ್ಟಾಗಿ ಬೊಗಳಿದವಂತೆ. ಈಗ ಮೂರನೇ ದಿನಕ್ಕೆ ಅವೇ ನಾಯಿಗಳು ಬಾಲ ಆಡಿಸಿಕೊಂಡು ಸಾಲಿನ ಹಿಂದೆ ಬರುತ್ತಿವೆ. ಹೆಂಗಸರು ರಂಗೋಲಿ ಬಿಡುವ ಕೈ ನಿಲ್ಲಿಸಿ ನೋಡುತ್ತಾರೆ. 'ನೆನ್ನೆ ಹಾಡಿದ್ದೇ ಹಾಡ್ರವ್ವ, ಚೆನ್ನಾಗಿತ್ತು' ಎಂದು ಒಬ್ಬಾಕೆ ಕೂಗಿ ಹೇಳಿದ್ದಕ್ಕೆ ಹುಡುಗಿಯರ ಗುಂಪು ನಿಂತೇಬಿಟ್ಟಿತು.

ಕಲ್ಯಾಣಿಯ ದಕ್ಷಿಣದ ಮೆಟ್ಟಿಲ ಮೇಲೆ ಕೂತು ಸುಮ್ಮನೆ ನೋಡಿ. ಕೆಳಗೆ ಅಗೆಯುವವರು ಹತ್ತು ಜನ, ತುಂಬುವವರು ಹತ್ತು ಜನ. ಉಳಿದವರು ತಳದಿಂದ ದಂಡೆಯವರೆಗೆ ಮೆಟ್ಟಿಲಿಗೊಬ್ಬರಂತೆ ಸಾಲುಗಟ್ಟಿ ನಿಂತಿದ್ದಾರೆ. ತುಂಬಿದ ಬಾಂಡ್ಲಿ ಕೈಯಿಂದ ಕೈಗೆ ಮೇಲೇರುತ್ತದೆ, ಖಾಲಿಯಾದದ್ದು ಇನ್ನೊಂದು ಸಾಲಿನಲ್ಲಿ ಇಳಿಯುತ್ತದೆ. ಮೊದಮೊದಲು ಪ್ರತಿಯೊಬ್ಬರೂ ಬಾಂಡ್ಲಿಯನ್ನು ಎದೆಗೆ ತಂದುಕೊಂಡು, ತಿರುಗಿ, ಮೇಲಿನವರಿಗೆ ಕೊಡುತ್ತಿದ್ದರು. ಹತ್ತು ನಿಮಿಷಕ್ಕೇ ಸೊಂಟ ಹಿಡಿಯುತ್ತಿತ್ತು. ದಂಡೆಯ ಮೇಲೆ ಬೀಡಿ ಸೇದುತ್ತ ಕೂತಿದ್ದ ಅಜ್ಜ ಒಬ್ಬರಿಗೆ ಅದನ್ನು ನೋಡಲಾಗಲಿಲ್ಲ. ಬೀಡಿ ಆರಿಸಿ, ಪಂಚೆ ಎತ್ತಿ ಕಟ್ಟಿ ಇಳಿದರು. 'ಎದೆಗೆ ತರಬ್ಯಾಡ ಮಗಾ. ತೂಗಿ ಬಿಡು. ಅದರ ಭಾರವೇ ಅದನ್ನ ಮೇಲಕ್ಕೆ ಒಯ್ತದೆ' ಎಂದು ತೋರಿಸಿಕೊಟ್ಟರು. ಅಂದಿನಿಂದ ಬಾಂಡ್ಲಿಗಳು ತೂಗಿಕೊಂಡು ಹೋಗುತ್ತಿವೆ. ತೂಗಿ ಬಿಡುವ ಕೈ, ಹಿಡಿಯುವ ಕೈ, ನಡುವೆ ಅರೆಕ್ಷಣ ಯಾರ ಕೈಯಲ್ಲೂ ಇಲ್ಲದ ಹೂಳಿನ ಬಾಂಡ್ಲಿ. ಸಾಲಿನಲ್ಲಿ ಯಾರೊಬ್ಬರು ಮೊಬೈಲಿನ ನೆನಪಾಗಿ ಮೈಮರೆತರೂ ಇಡೀ ಸಾಲು ನಿಲ್ಲುತ್ತದೆ. ಆ ನಿಲುಗಡೆಯನ್ನು ಯಾರೂ ಬೈದು ತಿದ್ದಬೇಕಿಲ್ಲ. ಕೆಳಗಿನವನ ತೋಳು ನೋಯುವುದು ಮೇಲಿನವಳಿಗೆ ಕಾಣುತ್ತಿರುತ್ತದೆ.

ಹೂಳಿನ ವಾಸನೆ ಒಂದೇ ಅಲ್ಲ. ಮೇಲಿನ ಪದರದಲ್ಲಿ ಕೊಳೆತ ಎಲೆ, ಸಾಂಬ್ರಾಣಿ, ಪ್ಲಾಸ್ಟಿಕ್ಕಿನ ಹುಳಿ ನಾತ. ಒಂದಡಿ ಇಳಿದರೆ ಮೊದಲ ಮಳೆಗೆ ಏಳುವಂಥ ತಂಪು ಮಣ್ಣಿನ ವಾಸನೆ. ಅಗೆದಷ್ಟೂ ಊರಿನ ಲೆಕ್ಕಪತ್ರ ಹೊರಬರುತ್ತದೆ. ಬಿಯರ್ ಬಾಟಲಿಯ ಚೂರು, ಗುಟ್ಕಾ ಸ್ಯಾಶೆ, ವರ್ಷ ವರ್ಷ ಮುಳುಗಿಸಿದ ಗಣಪತಿಗಳ ಹಲಗೆ ಮತ್ತು ತಂತಿ, ಬಣ್ಣ ಬಿಟ್ಟ ಪ್ಲಾಸ್ಟರಿನ ಒಂದು ಕಿವಿ, ಗಾಜು ಒಡೆದ ದೇವರ ಫೋಟೊಗಳು. ಫೋಟೊ ಸಿಕ್ಕಿದಾಗ ಹುಡುಗರಿಗೆ ದಿಕ್ಕು ತೋಚುವುದಿಲ್ಲ. ಕಸಕ್ಕೆ ಹಾಕಲು ಮನಸ್ಸು ಬರುವುದಿಲ್ಲ, ಇಟ್ಟುಕೊಳ್ಳುವಂತೆಯೂ ಇಲ್ಲ. ಗಾಜು, ಚೌಕಟ್ಟು ಬೇರೆ ಮಾಡಿ, ಕಾಗದವನ್ನು ಅರಳಿಕಟ್ಟೆಯ ಹಿಂದೆ ಗುಂಡಿ ತೋಡಿ ಮಣ್ಣು ಮಾಡುವುದೆಂದು ಊರ ಹಿರಿಯರೇ ಹೇಳಿದರು. ಆ ಕೆಲಸಕ್ಕೆ ನಿಂತ ಹುಡುಗನ ಹೆಸರು ಕೇಳಿದರೆ ಅವನು ಬೇರೆ ಧರ್ಮದವನೆಂದು ತಿಳಿಯುತ್ತದೆ. ಅವನು ಪ್ರತಿ ಕಾಗದವನ್ನೂ ಒರೆಸಿ ಇಡುತ್ತಿದ್ದ.

ಅವನ ಎದೆಯ ಮೇಲೆ ಕೆಸರು ಸಿಡಿದ ಒಂದು ಬ್ಯಾಡ್ಜು. ಕೆಂಪು, ಕಡುನೀಲಿ ಬಣ್ಣದ ಚಕ್ರ. ಒಡಿಶಾದ ಕೋನಾರ್ಕ ಸೂರ್ಯ ದೇಗುಲದ ರಥಚಕ್ರವನ್ನು ಹೋಲುವಂತೆ ಮಾಡಿದ್ದು. ಎಂಟು ಕಡ್ಡಿಗಳು ದಿನದ ಎಂಟು ಜಾವಗಳು, ಅಂದರೆ ಇಪ್ಪತ್ನಾಲ್ಕು ಗಂಟೆ. ಯಾವ ಹೊತ್ತಿನಲ್ಲಿ ಕರೆದರೂ ಬರುವೆ ಎಂಬುದು ಅದರ ತಾತ್ಪರ್ಯ. 'ನನಗಲ್ಲ, ನಿನಗೆ' ಎಂಬುದು ಇವರ ಧ್ಯೇಯವಾಕ್ಯ. ರಾಷ್ಟ್ರೀಯ ಸೇವಾ ಯೋಜನೆ ಎಂಬ ಉದ್ದದ ಹೆಸರನ್ನು ಇಲ್ಲಿ ಯಾರೂ ಹೇಳುವುದಿಲ್ಲ. ಅಜ್ಜಂದಿರ ಬಾಯಲ್ಲೂ ಅದು ಎನ್ನೆಸ್ಸೆಸ್ಸೇ.

ಎಂಟೂವರೆಗೆ ಸೀಟಿ. ಕೈಕಾಲು ತೊಳೆದು ದಂಡೆಯ ಮೇಲೆ ಸಾಲಾಗಿ ಕೂತರೆ ಚಿತ್ರಾನ್ನದ ಡಬರಿ ಬರುತ್ತದೆ. ಇಂದಿನ ಅಡುಗೆ ಹೇಮಾವತಿ ತಂಡದ ಪಾಳಿ. ಕಾವೇರಿ, ತುಂಗಾ, ಶರಾವತಿ, ಹೇಮಾವತಿ ಎಂದು ತಂಡಗಳಿಗೆ ನದಿಗಳ ಹೆಸರು. ಉಪ್ಪು ಹೆಚ್ಚಾಯಿತೆಂದು ಶರಾವತಿಯವರು ಛೇಡಿಸುತ್ತಾರೆ, ನಾಳೆ ನಿಮ್ಮದೇ ಪಾಳಿ ನೋಡೋಣ ಎಂಬ ಉತ್ತರ ತಯಾರಾಗಿರುತ್ತದೆ. ತಿನ್ನುತ್ತ ಕೂತಿರುವ ಒಬ್ಬ ಹುಡುಗನ ಅಂಗೈ ನೋಡಿ: ಬೆರಳಿನ ಬುಡದಲ್ಲಿ ನಾಲ್ಕು ಬೊಬ್ಬೆ, ಒಂದು ಒಡೆದಿದೆ. ಅವನು ಎಡಗೈಯಲ್ಲಿ ತಟ್ಟೆ ಹಿಡಿದು, ಬಲಗೈಯ ತುದಿಬೆರಳುಗಳಲ್ಲಿ ಮಾತ್ರ ಅನ್ನ ಎತ್ತಿಕೊಳ್ಳುತ್ತಿದ್ದಾನೆ. ತಂದೆಗೆ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿಯಂತೆ. ಗುದ್ದಲಿ ಮಾರಿ ಗೊತ್ತು, ಹಿಡಿದು ಗೊತ್ತಿರಲಿಲ್ಲ ಎಂದ. ಯಾಕೆ ಬಂದೆಯಪ್ಪ ಎಂದರೆ ನಾಚದೆ ಹೇಳಿದ: 'ಸರ್ಟಿಫಿಕೇಟು ಬೇಕಿತ್ತು ಸಾರ್.'

ಈ ಮಾತನ್ನು ದೂರುವವರಿದ್ದಾರೆ. ನನಗೆ ಅದರಲ್ಲಿ ತಪ್ಪು ಕಾಣುವುದಿಲ್ಲ. ಬಂದ ಕಾರಣ ಏನೇ ಇರಲಿ, ಬಂದವನ ಕೈಗೆ ಏನು ಕೊಟ್ಟೆವು ಎಂಬುದು ಮುಖ್ಯ. ವಿದ್ಯಾರ್ಥಿಗಳನ್ನು ಸೇವೆಗೆ ಹಚ್ಚುವುದು ಹೇಗೆ ಎಂಬ ಚರ್ಚೆ ಸ್ವತಂತ್ರ ಭಾರತದಷ್ಟೇ ಹಳೆಯದು. 1959ರಲ್ಲಿ ನೇಮಕವಾದ ಸಿ.ಡಿ. ದೇಶಮುಖರ ಅಧ್ಯಕ್ಷತೆಯ ಸಮಿತಿ ಕಾಲೇಜು ಸೇರುವ ಮುನ್ನ ಎಲ್ಲರೂ ಕಡ್ಡಾಯವಾಗಿ ಕೆಲವು ತಿಂಗಳು ರಾಷ್ಟ್ರಸೇವೆ ಮಾಡಲಿ ಎಂದಿತ್ತು. ಬೇರೆ ದೇಶಗಳ ಅನುಭವ ನೋಡಿಬಂದ ಶಿಕ್ಷಣತಜ್ಞ ಕೆ.ಜಿ. ಸೈಯದೈನ್ ಆಮೇಲೆ ಬೇರೆ ಮಾತು ಹೇಳಿದರು: ಬಲವಂತ ಬೇಡ, ಇಷ್ಟಪಟ್ಟವರು ಬರಲಿ. ಕೊಠಾರಿ ಆಯೋಗವೂ ಸೇವೆ ಶಿಕ್ಷಣದ ಎಲ್ಲ ಹಂತಗಳಲ್ಲೂ ಬೆರೆಯಬೇಕೆಂದಿತು. ಕೊನೆಗೆ ಗಾಂಧೀಜಿಯ ಜನ್ಮಶತಾಬ್ದಿಯ ವರ್ಷ, 1969ರ ಸೆಪ್ಟೆಂಬರ್ 24ರಂದು, ಆಗಿನ ಕೇಂದ್ರ ಶಿಕ್ಷಣ ಸಚಿವ ವಿ.ಕೆ.ಆರ್.ವಿ. ರಾವ್ ಈ ಯೋಜನೆಗೆ ಚಾಲನೆ ಕೊಟ್ಟರು. ರಾವ್ ನಮ್ಮ ಬಳ್ಳಾರಿಯಿಂದ ಲೋಕಸಭೆಗೆ ಆರಿಸಿಹೋಗಿದ್ದ ಅರ್ಥಶಾಸ್ತ್ರಜ್ಞರು. ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನು ಕಟ್ಟಿದವರೂ ಅವರೇ. ಅಂದು 37 ವಿಶ್ವವಿದ್ಯಾಲಯಗಳ 40 ಸಾವಿರ ವಿದ್ಯಾರ್ಥಿಗಳಿಂದ ಶುರುವಾದದ್ದು ಇಂದು 40 ಲಕ್ಷದ ಆಸುಪಾಸಿಗೆ ಬಂದಿದೆ. 1985ರಿಂದ ಪಿಯುಸಿ ಮಕ್ಕಳೂ ಸೇರತೊಡಗಿದರು.

ಹಾಗೆ ನೋಡಿದರೆ ಈ ನಾಡಿಗೆ ಇದು ಹೊಸತೂ ಅಲ್ಲ. ಹುಬ್ಬಳ್ಳಿಯ ಡಾ. ನಾ.ಸು. ಹರ್ಡೀಕರ್ 1923ರಲ್ಲೇ ಹಿಂದೂಸ್ತಾನಿ ಸೇವಾದಳ ಕಟ್ಟಿ, ಯುವಕರಿಗೆ ಶಿಸ್ತಿನ ಸೇವೆಯ ತಾಲೀಮು ಕೊಟ್ಟಿದ್ದರು. ಬಿಳಿ ಟೋಪಿ ಹಾಕಿಕೊಂಡು ಶಾಲೆಯ ಅಂಗಳದಲ್ಲಿ ಕವಾಯತು ಮಾಡುವ ಸೇವಾದಳದ ಮಕ್ಕಳು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಕಾಣಸಿಗುತ್ತಾರೆ.

ಚಿತ್ರಾನ್ನ ಮುಗಿಸಿ, ನೀರು ಕುಡಿದು ಹುಡುಗರು ಮತ್ತೆ ಕಲ್ಯಾಣಿಗೆ ಇಳಿಯುತ್ತಾರೆ. ಈ ಹೊತ್ತಿಗೆ ಬಿಸಿಲು ಮೆಟ್ಟಿಲ ಮೇಲೆ ಬಂದಿರುತ್ತದೆ. ಊರ ಶಾಲೆಯ ಮಕ್ಕಳು, ಎಮ್ಮೆ ಹೊಡೆದುಕೊಂಡು ಹೋಗುವವರು, ಎಲ್ಲರೂ ಒಂದು ಗಳಿಗೆ ನಿಲ್ಲುತ್ತಾರೆ. ಮೊದಲ ದಿನ ನೋಡಿ ಹೋದವರು ಎರಡನೇ ದಿನ ಒಂದು ಮಾತು ಆಡಿದರು, ಮೂರನೇ ದಿನ ತಮ್ಮದೇ ಗುದ್ದಲಿ ತಂದರು. ಕಾಲೊನಿಯಿಂದ ಆರೇಳು ಹುಡುಗರು ಬಂದು ಸಾಲಿನಲ್ಲಿ ನಿಂತಾಗ ಮಾತ್ರ ದಂಡೆಯ ಮೇಲೆ ಒಂದಿಷ್ಟು ಹೊತ್ತು ಸದ್ದಡಗಿತು. ಬಾಂಡ್ಲಿ ತೂಗುವುದು ಹೇಳಿಕೊಟ್ಟ ಅಜ್ಜನೇ ಆಮೇಲೆ ನನ್ನ ಪಕ್ಕ ಕೂತು ಮೆಲ್ಲಗೆ ಹೇಳಿದರು: 'ನಾವು ಹುಡುಗ್ರಾಗಿದ್ದಾಗ ಅವರು ಈ ಮೆಟ್ಲು ಇಳಿಯಂಗಿರ್ಲಿಲ್ಲ. ಯಾರಾದ್ರೂ ಮೇಲಿಂದ ಬಿಂದಿಗೆಗೆ ಹುಯ್ಯೋವರ್ಗೂ ಕಾಯ್ತಾ ನಿಂತಿರೋರು.' ಕೆಳಗೆ ಕಾಲೊನಿಯ ಹುಡುಗ ಎಸೆದ ಬಾಂಡ್ಲಿಯನ್ನು ಬಿಕಾಂ ಹುಡುಗಿ ಹಿಡಿದು ಮೇಲಿನವನಿಗೆ ದಾಟಿಸುತ್ತಿದ್ದಳು. ಅವರಿಬ್ಬರಿಗೂ ಈ ಹಳೆಯ ಕತೆ ಗೊತ್ತಿರಲಿಲ್ಲ. ಗೊತ್ತಿರಬೇಕು ಎಂದು ನನಗೆ ಅನಿಸಿತು. ಸಂಜೆಯ ಸಭೆಯಲ್ಲಿ ಅಜ್ಜನನ್ನೇ ಕರೆಸಿ ಹೇಳಿಸಿದರು. ಗಂಟಲು ಸರಿಮಾಡಿಕೊಂಡು, ತಲೆ ತಗ್ಗಿಸಿಕೊಂಡೇ ಅವರು ಹೇಳಿದರು. ಯಾವ ಪಠ್ಯಪುಸ್ತಕವೂ ಆ ಸಂಜೆಯಷ್ಟು ಸ್ಪಷ್ಟವಾಗಿ ಅಸ್ಪೃಶ್ಯತೆಯ ಪಾಠ ಮಾಡಲಾರದು.

ಮಧ್ಯಾಹ್ನ ಮುದ್ದೆ, ಸೊಗಡು ಅವರೆಕಾಳಿನ ಸಾರು. ಕಾಳು ಬಿಡಿಸಿಕೊಟ್ಟದ್ದು ಊರ ಹೆಂಗಸರು. ಊಟ ಮುಗಿಸಿ ಅರ್ಧ ಗಂಟೆ ಒರಗಿ, ಮೂರು ಗಂಟೆಗೆ ಇಬ್ಬಿಬ್ಬರಾಗಿ ಮನೆ ಮನೆಗೆ ಹೊರಡುತ್ತಾರೆ. ಕೈಯಲ್ಲಿ ಒಂದು ರಟ್ಟು, ರಟ್ಟಿಗೆ ಸಿಕ್ಕಿಸಿದ ಸಮೀಕ್ಷೆಯ ನಮೂನೆ. ಮನೆಯಲ್ಲಿ ಎಷ್ಟು ಜನ, ಶಾಲೆ ಬಿಟ್ಟ ಮಕ್ಕಳಿದ್ದಾರೆಯೇ, ಶೌಚಾಲಯವನ್ನು ಬಳಸುತ್ತಿದ್ದೀರಾ, ಇಲ್ಲ ಸೌದೆ ತುಂಬಿದ್ದೀರಾ, ಹದಿನೆಂಟು ತುಂಬಿದವರ ಹೆಸರು ಮತದಾರರ ಪಟ್ಟಿಯಲ್ಲಿದೆಯೇ. ಈಗ ವರ್ಷಕ್ಕೆ ನಾಲ್ಕು ಬಾರಿ, ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೇ ತಾರೀಕಿಗೆ ಹದಿನೆಂಟು ತುಂಬುವವರು ಹೆಸರು ಸೇರಿಸಬಹುದು, ಹದಿನೇಳಕ್ಕೇ ಮುಂಗಡ ಅರ್ಜಿ ಕೊಡಬಹುದು ಎಂದು ವಿವರಿಸುತ್ತಿದ್ದ ಹುಡುಗನೊಬ್ಬನಿಗೇ ಹೊಳೆಯಿತು, ತನ್ನ ಹೆಸರೇ ಇನ್ನೂ ಸೇರಿಲ್ಲವೆಂದು. ಅದೇ ಜಗಲಿಯ ಮೇಲೆ ಕೂತು ಆರನೇ ನಮೂನೆಯನ್ನು ಮೊಬೈಲಿನಲ್ಲಿ ತನಗೂ ತುಂಬಿಕೊಂಡ.

ಬನ್ನಿ, ಬಿಕಾಂ ಹುಡುಗಿಯ ಹಿಂದೆ ಹೋಗೋಣ. ಬೀದಿಯ ಕೊನೆಯ ಹೆಂಚಿನ ಮನೆ. ಒಳಗೆ ಹೊಗೆಗೂಡಿನ ಕಮಟು, ಮೂಲೆಯಲ್ಲಿ ಕೋಳಿಮಂಕರಿ. ಅಜ್ಜಿ ಒಬ್ಬರೇ. 'ಪಿಂಚಣಿ ಬರ್ತದಾ ಅಜ್ಜಿ?' ಎಂಬ ಪ್ರಶ್ನೆಗೆ ಅವರು ಎದ್ದು, ಅಕ್ಕಿಡಬ್ಬದ ಹಿಂದಿನಿಂದ ಪ್ಲಾಸ್ಟಿಕ್ ಕವರು ತೆಗೆದರು. ಕವರಿನೊಳಗೆ ಕವರು, ಅದರೊಳಗೆ ಪಾಸ್‌ಬುಕ್ಕು, ಆಧಾರ್ ಕಾರ್ಡು, ಪಿಂಚಣಿಯ ಆದೇಶಪತ್ರ. 'ಬತ್ತಿತ್ತು ಕಣವ್ವ. ದಸರಾದಿಂದೀಚೆಗೆ ನಿಂತೋಯ್ತು. ಯಾರ್ನ ಕೇಳದು?' ಹುಡುಗಿ ಪಾಸ್‌ಬುಕ್ಕಿನ ಹಾಳೆ ತಿರುವಿದಳು. ಕಾಲೇಜಿನಲ್ಲಿ ಬ್ಯಾಂಕಿಂಗ್ ಓದುತ್ತಿದ್ದರೂ ಇಂಥದೊಂದು ಪಾಸ್‌ಬುಕ್ಕನ್ನು ಅವಳು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಪಂಚಾಯಿತಿಯ ಕಂಪ್ಯೂಟರ್ ಆಪರೇಟರಿಗೆ ಫೋನು ಹೋಯಿತು. ಖಾತೆಗೆ ಆಧಾರ್ ಜೋಡಣೆ ಬಿಟ್ಟುಹೋಗಿದೆ, ಬ್ಯಾಂಕಿನಲ್ಲಿ ಒಂದು ಅರ್ಜಿ ಕೊಟ್ಟು, ನಾಡಕಚೇರಿಯಲ್ಲೂ ತಿಳಿಸಬೇಕೆಂಬ ಉತ್ತರ ಬಂತು. ಮರುದಿನ ಬೆಳಿಗ್ಗೆ ಶ್ರಮದಾನಕ್ಕೆ ರಜೆ ಕೇಳಿ ಅವಳು ಅಜ್ಜಿಯನ್ನು ಕರೆದುಕೊಂಡು ಬ್ಯಾಂಕಿಗೆ ಹೋದಳು. ಅರ್ಜಿಯಲ್ಲಿ ಅಜ್ಜಿಯ ಹೆಬ್ಬೆಟ್ಟು ಒತ್ತಿಸುವಾಗ ಶಾಯಿ ಹೆಚ್ಚಾಗಿ ಹರಡಿತೆಂದು ಇನ್ನೊಂದು ಕಾಗದ ತೆಗೆದುಕೊಂಡಳು. ಎರಡನೆಯದನ್ನು ಒತ್ತಿಸುವಾಗ ಅಜ್ಜಿಯ ಬೆರಳನ್ನು ತಾನೇ ಹಿಡಿದು, ಉಗುರಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನಿಧಾನಕ್ಕೆ ಹೊರಳಿಸಿದಳು.

ಶಿಬಿರದ ಬಗ್ಗೆ ಬರೆಯುವವರು ಎಷ್ಟು ಅಡಿ ಹೂಳು ತೆಗೆದರು, ಎಷ್ಟು ಸಸಿ ನೆಟ್ಟರು ಎಂಬುದನ್ನು ಬರೆಯುತ್ತಾರೆ. ವರದಿಗೂ ಅದೇ ಬೇಕು. ಆದರೆ ನನ್ನನ್ನು ಕೇಳಿದರೆ, ಈ ಏಳು ದಿನಗಳ ನಿಜವಾದ ಕೆಲಸ ನಡೆಯುವುದು ಮಧ್ಯಾಹ್ನ ಮೂರರಿಂದ ಐದರವರೆಗೆ, ಪರರ ಜಗಲಿಯ ಮೇಲೆ.

ಸಮೀಕ್ಷೆಯಲ್ಲೇ ಕಲ್ಯಾಣಿಯ ಗುಟ್ಟೂ ಹೊರಬಿತ್ತು. ಹೂಳು ತೆಗೆದರೆ ನೀರು ನಿಲ್ಲುತ್ತದೆಯೇ ಎಂದು ಮನೆಗಳಲ್ಲಿ ಕೇಳುತ್ತ ಹೋದಂತೆ ಒಂದೇ ಉತ್ತರ ಬೇರೆ ಬೇರೆ ಬಾಯಿಗಳಿಂದ ಬಂತು: ನೀರು ಬರೋ ದಾರೀನೇ ಇಲ್ವಲ್ಲ. ಗುಡ್ಡದ ಬುಡದಿಂದ ಮಳೆನೀರು ಹೊತ್ತು ತರುತ್ತಿದ್ದ ಕಾಲುವೆ ಒಂದು ಕಡೆ ರಸ್ತೆ ಅಗಲ ಮಾಡುವಾಗ ಮಣ್ಣಿನಡಿ ಸೇರಿದೆ, ಇನ್ನೊಂದು ಕಡೆ ಬದು ಒತ್ತಿ ತೋಟದೊಳಗೆ ಹೋಗಿದೆ. ನಮ್ಮ ಹಿಂದಿನವರು ಕೆರೆ ಕಲ್ಯಾಣಿಗಳನ್ನು ಒಂಟಿಯಾಗಿ ಕಟ್ಟಿದವರಲ್ಲ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಕೆಳಗಿನದಕ್ಕೆ, ಅಲ್ಲಿಂದ ಮುಂದಿನ ಊರಿಗೆ. ಕರ್ನಾಟಕದ 36 ಸಾವಿರಕ್ಕೂ ಮಿಕ್ಕಿದ ಕೆರೆಗಳಲ್ಲಿ ಬಹುಪಾಲು ಇಂಥ ಸರಪಣಿಯ ಕೊಂಡಿಗಳು. ಇದೇ ಜಿಲ್ಲೆಯ ಹಳೇಬೀಡಿನ ಪಕ್ಕ ಹುಲಿಕೆರೆಯಲ್ಲಿ ಹೊಯ್ಸಳರ ಕಾಲದ ಕಲ್ಯಾಣಿಯಿದೆ. ಮೆಟ್ಟಿಲ ಸುತ್ತ ಪುಟ್ಟ ಪುಟ್ಟ ಗುಡಿಗಳಿರುವ ಅದನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ಹೆಸರಿಲ್ಲದ ಈ ಊರ ಕಲ್ಯಾಣಿಗೆ ಅಂಥ ಶಿಲ್ಪವಿಲ್ಲ. ಇದ್ದದ್ದು ನೀರು, ಅದೂ ಬರುವುದು ನಿಂತಿತು.

ಅಂದು ಸಂಜೆ ಶಾಲೆಯ ಅಂಗಳದಲ್ಲಿ ಚರ್ಚೆ ಕಾವೇರಿತು. ಕಾಲುವೆಯನ್ನೂ ನಾವೇ ಅಗೆದುಬಿಡೋಣ ಎಂದು ಹುಡುಗರ ಒಂದು ಗುಂಪು. ಒತ್ತುವರಿ ಜಾಗ ಅಗೆದರೆ ಜಗಳವಾಗುತ್ತದೆ, ಅದು ನಮ್ಮ ಕೆಲಸವೂ ಅಲ್ಲ, ಪಂಚಾಯಿತಿಯನ್ನು ಕೇಳೋಣ ಎಂದು ಇನ್ನೊಂದು ಗುಂಪು. ಶಿಬಿರಾಧಿಕಾರಿಗಳು ಇತಿಹಾಸದ ಮೇಷ್ಟ್ರು. ನೂರು ಸ್ವಯಂಸೇವಕರ ಒಂದು ಘಟಕಕ್ಕೆ ಇಂಥ ಒಬ್ಬ ಅಧಿಕಾರಿ ಇರುತ್ತಾರೆ. ಪಾಠ, ಮೌಲ್ಯಮಾಪನ ಎಲ್ಲ ಮುಗಿಸಿಕೊಂಡು ಈ ಜವಾಬ್ದಾರಿ ಹೊತ್ತಿರುತ್ತಾರೆ. ಕೈಯಿಂದ ಹಣ ಹಾಕಿ ತರಕಾರಿ ತರಿಸುವವರನ್ನೂ ನಾನು ಬಲ್ಲೆ. ಮೇಷ್ಟ್ರು ಎರಡೂ ಗುಂಪಿನ ಮಾತು ಕೇಳಿ, ತಾವು ಏನೂ ತೀರ್ಪು ಕೊಡದೆ, ಪಂಚಾಯಿತಿಯ ಪಿಡಿಓ ಅವರನ್ನು ಮರುಸಂಜೆ ಬರಲು ಕೇಳಿಕೊಂಡರು.

ಪಿಡಿಓ ಬಂದರು. ಹುಡುಗರು ಕಾಲುವೆಯ ನಕ್ಷೆ ಬರೆದಿಟ್ಟಿದ್ದರು. ಎಲ್ಲಿ ಮುಚ್ಚಿದೆ, ಎಷ್ಟು ಉದ್ದ, ಹೆಜ್ಜೆಯಲ್ಲಿ ಅಳೆದದ್ದು. ಗ್ರಾಮಸಭೆಯಲ್ಲಿ ಊರವರೇ ಈ ಕೆಲಸ ಕೇಳಿದರೆ ಉದ್ಯೋಗ ಖಾತ್ರಿಯ ಪಟ್ಟಿಗೆ ಸೇರಿಸಬಹುದು, ಒತ್ತುವರಿಯ ಭಾಗಕ್ಕೆ ಸರ್ವೆ ಆಗಬೇಕು, ಅದಕ್ಕೆ ತಹಶೀಲ್ದಾರರಿಗೆ ಅರ್ಜಿ ಎಂದು ಅವರು ಬಿಡಿಸಿ ಹೇಳಿದರು. ಹೈಸ್ಕೂಲಿನ ಹುಡುಗಿಯೊಬ್ಬಳು ಎದ್ದು, ಮಕ್ಕಳ ಗ್ರಾಮಸಭೆಯಲ್ಲಿ ಶಾಲೆಯ ಶೌಚಾಲಯಕ್ಕೆ ನೀರು ಕೇಳಿದ್ದೆವು, ನಲ್ಲಿ ಬಂತು, ಹಾಗೇ ಇದನ್ನೂ ಕೇಳಬಹುದಾ ಎಂದಳು. ಕೇಳು ಎಂದರು ಪಿಡಿಓ. ಆ ಹುಡುಗಿಯನ್ನು ಕಾಲೇಜಿನವರು ಬೆರಗಿನಿಂದ ನೋಡುತ್ತಿದ್ದರು. ಐವತ್ತು ಜನರಲ್ಲಿ ಗ್ರಾಮಸಭೆಗೆ ಒಮ್ಮೆಯಾದರೂ ಹೋಗಿದ್ದವರು ಕೈ ಎತ್ತಿ ಎಂದಾಗ ಎದ್ದದ್ದು ಮೂರು ಕೈ.

ನಾಗರಿಕ ಪ್ರಜ್ಞೆ ಎಂದು ವೇದಿಕೆಯ ಮೇಲೆ ಭಾಷಣ ಮಾಡುವುದು ಸುಲಭ. ಅದು ಬೆಳೆಯುವ ಜಾಗ ಇಂಥದು: ಅಂಗೈಯ ಬೊಬ್ಬೆ ಆರುವ ಮೊದಲೇ, ನೀರು ಯಾಕೆ ಬರುತ್ತಿಲ್ಲ, ಯಾರನ್ನು ಕೇಳಬೇಕು, ಯಾವ ಕಾಗದದಲ್ಲಿ ಕೇಳಬೇಕು ಎಂಬ ಪ್ರಶ್ನೆ ಎದ್ದಾಗ. 1970ರ ದಶಕದಲ್ಲಿ ಬರದ ವಿರುದ್ಧ ಯುವಜನ ಎಂಬ ವಿಷಯವಿಟ್ಟುಕೊಂಡು ಇದೇ ಯೋಜನೆಯ ಶಿಬಿರಗಳು ನಡೆದವು. ಬರ ಮತ್ತೆ ಮತ್ತೆ ಬರುವ ಈ ಬಯಲುಸೀಮೆಯ ಅಂಚಿನಲ್ಲಿ ಆ ವಿಷಯಕ್ಕೆ ಇನ್ನೂ ವಯಸ್ಸಾಗಿಲ್ಲ. ನನಗಿರುವ ಕೊರಗು ಒಂದೇ. ಅನೇಕ ಕಾಲೇಜುಗಳಿಗೆ ಶಿಬಿರವೆಂದರೆ ಏಳು ದಿನ, ಒಂದು ಬ್ಯಾನರು, ಒಂದು ಸಮಾರೋಪ, ಒಂದು ಗುಂಪುಚಿತ್ರ. ಬರುವ ವರ್ಷ ಬೇರೆ ಊರು. ಯೋಜನೆಯ ಆಶಯ ಹಾಗಿಲ್ಲ. ಸ್ವಯಂಸೇವಕರು ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷದಲ್ಲಿ 240 ಗಂಟೆ ದುಡಿಯಬೇಕು. ಊರೊಂದನ್ನು ದತ್ತು ಹಿಡಿದು ಅಲ್ಲಿಗೇ ಮತ್ತೆ ಮತ್ತೆ ಹೋಗಬೇಕು. ಹೋಗದಿದ್ದರೆ ಅಜ್ಜಿಯ ಪಿಂಚಣಿ ಮತ್ತೆ ಶುರುವಾಯಿತೋ ಇಲ್ಲವೋ ಎಂಬುದು ಅರ್ಜಿ ಬರೆದ ಹುಡುಗಿಗೇ ತಿಳಿಯುವುದಿಲ್ಲ.

ಈ ಕಾಲೇಜಿನ ಮೇಷ್ಟ್ರಿಗೆ ಅದು ಗೊತ್ತು. ಸಮಾರೋಪದ ದಿನ ಅತಿಥಿಗಳು ಹಾರ ತೆಗೆದಿಟ್ಟು ಕಾರು ಹತ್ತಿದ ಮೇಲೆ, ಹುಡುಗರು ಚಾಪೆ ಸುತ್ತುತ್ತಿದ್ದಾಗ, ಅವರು ಒಂದು ನೋಟ್‌ಬುಕ್ಕು ಹಿಡಿದು ಜಗಲಿಯ ಮೇಲೆ ಕೂತರು. ತಿಂಗಳ ಎರಡನೇ ಶನಿವಾರ ಯಾರು ಯಾರು ಬರುತ್ತೀರಿ ಎಂದು ಕೇಳಿದರು. ಮೊದಲು ಕೈ ಎತ್ತಿದವನು ಸರ್ಟಿಫಿಕೇಟಿಗೆ ಬಂದಿದ್ದ ಹಾರ್ಡ್‌ವೇರ್ ಅಂಗಡಿಯ ಹುಡುಗ. ಅಂಗಡಿಯಿಂದ ಅಳತೆಯ ಟೇಪು ತರುತ್ತೇನೆ, ಕಾಲುವೆಯನ್ನು ಹೆಜ್ಜೆಯಲ್ಲಿ ಅಳೆದದ್ದು ಸರ್ವೆಯವರು ಒಪ್ಪುವುದಿಲ್ಲ ಎಂದ. ಬಿಕಾಂ ಹುಡುಗಿ ಬ್ಯಾಂಕಿನ ಸ್ವೀಕೃತಿ ಚೀಟಿಯ ಫೋಟೊ ತನ್ನ ಬಳಿ ಇದೆ, ಅದನ್ನು ಹಿಡಿದು ನಾಡಕಚೇರಿಗೆ ಹೋಗಬೇಕು, ಶನಿವಾರ ಕಚೇರಿ ಇರುವುದಿಲ್ಲ, ಶುಕ್ರವಾರವೇ ಬರುವೆ ಎಂದಳು. ಎಂಟೂಕಾಲರ ಬಸ್ಸು ಹಿಡಿದರೆ ಒಂಬತ್ತೂವರೆಗೆ ಗೇಟಿನಲ್ಲಿ ಇಳಿಯಬಹುದು ಎಂದು ಊರ ಹುಡುಗನೊಬ್ಬ ಲೆಕ್ಕ ಹೇಳಿದ. ಮೇಷ್ಟ್ರು ಹೆಸರಿನ ಮುಂದೆ ತಾರೀಕು ಬರೆದುಕೊಂಡು, 'ಗ್ರಾಮಸಭೆ ಯಾವಾಗ ಅಂತ ಪಂಚಾಯಿತೀಲಿ ಕೇಳಿ ನಂಗೊಂದು ಫೋನ್ ಮಾಡಪ್ಪ' ಎಂದು ಅವನ ನಂಬರನ್ನೂ ಗುರುತು ಹಾಕಿಕೊಂಡರು.